ಹಗರಿ ಸೇತುವೆಯ ನಿಂಬೆ ವಾಸನೆ

ನಲವತ್ತೆಂಟರ ಬೇಸಿಗೆಯಲ್ಲಿ, ಹಗರಿ ಸೇತುವೆಯ ಹತ್ತಿರ, ನಾನು ಓಡಿಸುತ್ತಿದ್ದ ರೈಲಿಗೆ ಸಿಕ್ಕಿ ಒಬ್ಬ ಹೆಂಗಸು ಸತ್ತಳು. ಹೀಗಾದರೆ ನಾವು ಡ್ರೈವರುಗಳು ಗಾಲಿಯಡಿ ನಿಂಬೆಹಣ್ಣು ಇಟ್ಟೇ ಮರುದಿನ ಎಂಜಿನ್ ಹೊರಡಿಸುತ್ತಿದ್ದೆವು. ಮರುದಿನ ನಾನು ಇಟ್ಟ ಹಣ್ಣನ್ನು ಬಳ್ಳಾರಿ ಶೆಡ್ಡಿನ ಫೋರ್ಮನ್ ಒದ್ದ.

"ರಜಾನೂ ಇಲ್ಲ, ಪೂಜಿನೂ ಇಲ್ಲ. ಗಾಡಿ ಹತ್ತಲೇ."

ಮಧ್ಯಾಹ್ನ ಅದೇ ಜಾಗದಲ್ಲಿ ಅವಳು ಹಳಿಯ ಮೇಲೆ ನಿಂತಿದ್ದಳು. ಬ್ರೇಕ್ ಹಾಕಿ ಇಳಿದು ನೋಡಿದರೆ ಯಾರೂ ಇಲ್ಲ, ನಿಂಬೆಯ ವಾಸನೆ ಮಾತ್ರ.

"ಇನ್ನೊಮ್ಮಿ ನಿಲ್ಲಿಸಿದ್ರ ನೌಕ್ರಿ ಇಲ್ಲ" ಎಂದ ಫೋರ್ಮನ್.

ಆಮೇಲೆ ನಿಲ್ಲಿಸಲಿಲ್ಲ. ದಿನಾ ಅಲ್ಲಿ ನಿಂಬೆ ವಾಸನೆ ಬರುತ್ತಿತ್ತು, ಅವಳು ಕಾಣುತ್ತಿದ್ದಳು, ಏನನ್ನೋ ಹತ್ತಿದಂತೆ ಗಾಲಿ ಎಗರುತ್ತಿತ್ತು. ಕಲ್ಲಿದ್ದಲು ಹಾಕುವ ಮೂಕಪ್ಪ, "ಅಲ್ಲಿ ಯಾರೂ ಇಲ್ರಿ, ನಡಸ್ರಿ" ಅನ್ನುತ್ತಿದ್ದ.

ಒಂದು ದಿನ ವಾಸನೆ ಬರಲಿಲ್ಲ. ಹೆಂಗಸು ನಿಂತಿದ್ದಳು. ನಾನು ನಿಲ್ಲಿಸಲಿಲ್ಲ, ಗಾಲಿ ಎಗರಿತು.

ಆವತ್ತು ಮೂಕಪ್ಪ "ಅಲ್ಲಿ ಯಾರೂ ಇಲ್ರಿ" ಅನ್ನಲಿಲ್ಲ; ಸಲಿಕೆ ಬಿಟ್ಟು ಹಿಂದಿನ ಹಳಿಯತ್ತ ಬಗ್ಗಿ ನೋಡಿದ.