ಐದು ಮೊಳೆಯ ಬಾಗಿಲು

"ಮನೆಯೆಲ್ಲಾ ನೋಡ್ಕೊಳ್ಳಿ ಸಾರ್. ಮಲಗೋ ಕೋಣೆ ಬಾಗಿಲಿನ ಐದು ಮೊಳೆ ಮಾತ್ರ ಮುಟ್ಟಬೇಡಿ."

ಅರವತ್ತು ದಾಟಿದ ಮನೆಯೊಡತಿ ಹಾಗೆಂದಾಗ ಅಧಿಕಾರಿ ನಕ್ಕುಬಿಟ್ಟ. ಹಳೇ ಮನೆಗಳಿಗೆ ಪಾರಂಪರಿಕ ಕಟ್ಟಡವೆಂಬ ಪಟ್ಟ ಕೊಡುವ ಕಚೇರಿಯಲ್ಲಿ ಅವನಿಗಿದ್ದ ಅಡ್ಡಹೆಸರೇ ಮೊಳೆ ಪಂಡಿತ. ಗೋಡೆ ಸುಳ್ಳು ಹೇಳೀತು, ಮೊಳೆ ಹೇಳದು ಅನ್ನುವವನು. ಚೌಕವಾಗಿದ್ದರೆ ಕಮ್ಮಾರ ಕುಟ್ಟಿದ್ದು, ದುಂಡಗಿದ್ದರೆ ಕಾರ್ಖಾನೆಯದು. ಒಂದು ಕಿತ್ತರೆ ಸಾಕು, ಮನೆಯ ವಯಸ್ಸು ಅಂಗೈಯಲ್ಲಿ.

"ಯಾಕಮ್ಮಾ, ಮೊಳೆ ಕಚ್ಚುತ್ತಾ?"

"ಮೊಳೆ ಕಚ್ಚಲ್ಲ. ಅದು ಹಿಡಿದಿಟ್ಟಿರೋದು ಕಚ್ಚುತ್ತೆ." ಅವಳ ದನಿ ಇಳಿಯಿತು. "ನಮ್ಮಪ್ಪ. ಸತ್ತ ಮೇಲೂ ಬಂದು ಬಡೀತೀನಿ ಅಂದಿದ್ದ. ಅಮ್ಮ ಮಂತ್ರವಾದಿ ಕೈಲಿ ಹೊಡೆಸಿದ್ಳು. ಕೈಗೆ ಎರಡು, ಕಾಲಿಗೆ ಎರಡು, ನಾಲಿಗೆಗೊಂದು. ಕಿತ್ತರೆ, ಕಿತ್ತ ಕೈನೇ ಅಲ್ಲಿಟ್ಟು ಮತ್ತೆ ಮೊಳೆ ಜಡೀಬೇಕಂತೆ."

ಅಧಿಕಾರಿಯ ವರದಿಯಲ್ಲಿ ಆಗಲೇ ಬರೆದಾಗಿತ್ತು: 'ಹಿಂದಿನ ಯಜಮಾನರು: ಕಲಾಪ್ರೇಮಿ, ಸಜ್ಜನ.' ಅದನ್ನೋದಿ ಅವಳು ಸೆರಗು ಸರಿಸಿದಳು. ಎಡಗಿವಿ ಇರಬೇಕಾದಲ್ಲಿ ಬರೀ ಗಂಟುಗಟ್ಟಿದ ಚರ್ಮ.

"ಸಜ್ಜನ," ಎಂದು ನಕ್ಕು, ನೀರು ತರಲು ಹೋದಳು.

ಅವನು ಚೀಲದಿಂದ ಸುತ್ತಿಗೆ, ಇಕ್ಕಳ ತೆಗೆದ. ಬಲಗಡೆಯ ಮೇಲಿನ ಮೊಳೆ ಹಿಡಿದು ಜಗ್ಗಿದ. ಅದು ಕಿರುಚಿತು. ನಿಜಕ್ಕೂ, ಗಂಟಲಿದ್ದವರಂತೆ. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಮೊಳೆಗೆ ನರೆಗೂದಲ ಸಿಕ್ಕು ಅಂಟಿತ್ತು.

"ಚೌಕ!" ಅಂದ ಪಂಡಿತ.

ಮನೆಯೊಳಗೆ ನಡುಮಧ್ಯಾಹ್ನದ ಬಿಸಿಲು ಆರಿಹೋಯಿತು. ಕಿಟಕಿಗಳು ದಡದಡನೆ ಮುಚ್ಚಿಕೊಂಡವು. ಮೊಳೆಯ ತೂತಿನಿಂದ ಕಪ್ಪು ರಕ್ತ ಜಿನುಗಿತು. ಹಲಗೆ ಉಬ್ಬಿತು. ಸೀಳಿತು. ಮೊಣಕೈವರೆಗೆ ಒಂದು ಕೈ ಹೊರಬಂತು.

ಲೋಟ ಹಿಡಿದು ಬಂದವಳು ಆ ಬಾಗಿಲ ಪಕ್ಕದಲ್ಲೇ ನಿಂತಳು. "ಕಿತ್ತುಬಿಟ್ರಾ?"

ಕೈ ಅವಳ ಜುಟ್ಟು ಹಿಡಿಯಿತು. ಚೌಕಟ್ಟಿಗೆ ತಲೆ ಅಪ್ಪಳಿಸಿತು. ಒಂದು ಸಲ. ಎರಡು ಸಲ. ಹಲ್ಲು ನೆಲಕ್ಕೆ ಉದುರಿತು.

ಅವನು ಓಡಿದ. ತಲೆಬಾಗಿಲು ತೆರೆದೇ ಇತ್ತು. ಹೊರಗೆ ಬಿಸಿಲು, ಬೀದಿ, ಸೈಕಲ್ ಗಂಟೆ. ಒಂದೇ ಹೆಜ್ಜೆ.

"ಅಪ್ಪಾ, ಬೇಡಪ್ಪಾ..." ಹಿಂದಿನಿಂದ ಬಂದದ್ದು ಮುದುಕಿಯ ದನಿಯಲ್ಲ. ಏಳು ವರ್ಷದ ಹುಡುಗಿಯದು.

ಅವನು ತಿರುಗಿದ.

ಬಲ ಅಂಗೈ ಹಲಗೆಗೆ ಒತ್ತಿದ. ಮೊಳೆಯನ್ನು ಹಲ್ಲಲ್ಲಿ ಕಚ್ಚಿ ನಿಲ್ಲಿಸಿದ. ಎಡಗೈಯಲ್ಲಿ ಸುತ್ತಿಗೆ. ಹೊಡೆದ. ತಪ್ಪಿತು. ಬೆರಳು ಮುರಿಯಿತು. ಹೊಡೆದ. ಚರ್ಮ. ಹೊಡೆದ. ಮೂಳೆ. ಹೊಡೆದ. ಮರ.

ಜುಟ್ಟು ಹಿಡಿದಿದ್ದ ಕೈ ಸಡಿಲವಾಯಿತು. ಹಲಗೆಯೊಳಗೆ ಮುಳುಗಿತು.

ಮೊಳೆ ಕೀಳುವಂತಿರಲಿಲ್ಲ. ಅವನೂ ಅಲ್ಲೇ ನಿಂತಿರುವಂತಿರಲಿಲ್ಲ. ಅವಳು ತೆವಳುತ್ತ ಅಡುಗೆಮನೆಗೆ ಹೋಗಿ ಮಚ್ಚು ತಂದಳು.

"ಆ ಕಡೆ ನೋಡು, ಮಗಾ," ಅಂದಳು.

ತಿಂಗಳ ಮೇಲೆ ಕಚೇರಿಗೆ ವರದಿ ಬಂತು. ಎಡಗೈಯ ಸೊಟ್ಟ ಅಕ್ಷರ. 'ಬಾಗಿಲು: ಅಮೂಲ್ಯ. ಯಾರೂ ದುರಸ್ತಿ ಮಾಡಕೂಡದು.' ಅದರ ಕೆಳಗೆ 'ಕಲಾಪ್ರೇಮಿ, ಸಜ್ಜನ' ಎಂಬುದನ್ನು ಹೊಡೆದುಹಾಕಿ ತಿದ್ದಿತ್ತು:

'ಹಿಂದಿನ ಯಜಮಾನರು: ಇನ್ನೂ ಮನೆಯಲ್ಲೇ ಇದ್ದಾರೆ.'