ವಿಜಯಶ್ರೀಯ ಹೊಸ ಲ್ಯಾಪ್‌ಟಾಪ್

ವಿಜಯಶ್ರೀ ಮತ್ತೆ ಮತ್ತೆ ಪಾಸ್‌ವರ್ಡ್ ಹೊಡೆದಳು. ಹೊಸ ಲ್ಯಾಪ್‌ಟಾಪ್ ಮಾತ್ರ ಮನೆಯ ವೈರ್‌ಲೆಸ್‌ಗೆ ಸೇರಲು ಒಪ್ಪಲಿಲ್ಲ. ಹಾಲ್‌ನಲ್ಲಿರುವ ಹಳೇ ಕಂಪ್ಯೂಟರಿಗೆ ನೆಟ್ ಬರುತ್ತಿದೆ, ಇದಕ್ಕೇನು ರೋಗ? ಅವಳಿಗೆ ಮೈಯೆಲ್ಲ ಉರಿಯಿತು.

ರೂಟರ್ ಜೋಡಿಸಿಕೊಟ್ಟವನು ಮಹಡಿಯಲ್ಲಿ ಬಾಡಿಗೆಗಿದ್ದ ಫಕೀರೇಶ. ಅವನ ಮುಖ ನೋಡುವುದಿಲ್ಲ ಎಂದು ಅವಳು ಶಪಥ ಮಾಡಿ ವಾರವಾಗಿತ್ತು. ಈಗ ಅಪ್ಪಾಜಿ ಬಸವಲಿಂಗಪ್ಪ ಅವನನ್ನೇ ಕರೆದು ಕೂರಿಸಿ, ಕಾಫಿ ತರಲು ಒಳಗೆ ಹೋದರು.

ಶಪಥಕ್ಕೆ ಕಾರಣವಿತ್ತು. ಎರಡು ವರ್ಷ ಮೆಟ್ಟಿಲ ಮೇಲೆ ಕದ್ದು ಕದ್ದು ನೋಡಿದವನು, "ನಮ್ಮ ಹುಡುಗಿ ನಿಮಗೆ ಒಪ್ಪಿಗೇನಪ್ಪಾ?" ಎಂದು ಅಪ್ಪಾಜಿ ಕೇಳಿದಾಗ ನೆಲ ನೋಡುತ್ತ, "ಹಿರಿಯರು ಹೇಳಿದಂಗ್ರಿ" ಅಂದಿದ್ದ. ಅಷ್ಟೇ! ಇಷ್ಟ ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

"ಪಾಸ್‌ವರ್ಡ್ ಸರಿ ಐತ್ರಿ," ಫಕೀರೇಶ ಅವಳ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಹೇಳಿದ. "ರೂಟರ್‌ನಾಗ ಗೊತ್ತಿರೋ ಮಷೀನಿಗಷ್ಟೇ ಪರ್ಮಿಶನ್ ಇಟ್ಟೀನಿ. ಹೊಸಾದನ್ನ ನಾವೇ ಸೇರಿಸಬೇಕು. ನಿಮ್ಮ ತಂದಿಯವರನ್ನ ಒಂದ್ ಮಾತು ಕೇಳಿ..."

"ಕೇಳಿ! ಎಲ್ಲಾನೂ ಅವರನ್ನೇ ಕೇಳಿ! ನಿಮಗೆ ಸ್ವಂತ ಬಾಯಿಲ್ವಾ?" ಅವಳು ಸಿಡಿದಳು. "ಭಾನುವಾರ ಆರ್‌ಪಿಸಿ ಲೇಔಟಿಂದ ಗಂಡಿನ ಕಡೆಯವರು ನನ್ನ ನೋಡೋಕೆ ಬರ್ತಿದಾರೆ. ಹೋಗಿ ಕಾಫಿ ಕೊಡ್ತೀನಿ, ಸಂತೋಷಾನಾ?"

ಕೀಬೋರ್ಡಿನ ಮೇಲೆ ಅವನ ಬೆರಳುಗಳು ಅಲ್ಲೇ ನಿಂತವು. ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಆ ಕಣ್ಣುಗಳಲ್ಲಿ ನಾಚಿಕೆಯಿರಲಿಲ್ಲ, ಕೆಂಡವಿತ್ತು. ಹಾಳಾದವನು, ಕೋಪದಲ್ಲೂ ಚೆಂದ ಕಾಣುತ್ತಾನೆ ಎಂದು ಅವಳಿಗೆ ಮತ್ತೂ ರೇಗಿತು.

"ಯಾರು ಬರ್ತಾರ್ರಿ? ನಾ ಹೂಂ ಅಂದಮ್ಯಾಲೂ?"

"ನೀವು ಯಾವಾಗ ಹೂಂ ಅಂದ್ರಿ?"

"ನಮ್ಮ ಗದಗ ಕಡೆ ಹುಡುಗ ಹಿರಿಯರ ಮುಂದ 'ಆಕಿ ಬೇಕು' ಅಂತ ಬಾಯಿಬಿಟ್ಟು ಅನ್ನಂಗಿಲ್ಲ. ಹಿರಿಯರು ಹೇಳಿದಂಗ ಅಂದ್ರ ಒಪ್ಪಿಗೀನ! ನಿಮ್ಮವರು ಊರಿಗೆ ನಮ್ಮ ಹಿರಿಯರಿಗೆ ಫೋನ್ ಮಾಡ್ತಾರಂತ ನಾ ಇಲ್ಲಿ ಕಾಯಾಕತ್ತೀನಿ."

"ನಮ್ಮ ಕಡೆ ಹಾಗಂದ್ರೆ ಜಾರ್ಕೊಂಡ ಅಂತ ತಿಳ್ಕೋತಾರೆ! ನನ್ ಹತ್ರ ಆದ್ರೂ ಹೇಳಬಹುದಿತ್ತಲ್ಲ? ಮೆಟ್ಟಿಲ ಮೇಲೆ ನೋಡೋದು ಮಾತ್ರ ಬರುತ್ತಾ?" ಅಳು ಬಂದದ್ದಕ್ಕೆ ಅವಳ ಸಿಟ್ಟು ಇನ್ನಷ್ಟು ಏರಿತು.

ಫಕೀರೇಶ ಈ ಸಲ ಯಾರನ್ನೂ ಕೇಳಲಿಲ್ಲ. ಲ್ಯಾಪ್‌ಟಾಪನ್ನು ಅವಳ ಮಡಿಲಿಗಿಟ್ಟು, ಹಳೇ ಕಂಪ್ಯೂಟರಿನ ಮುಂದೆ ಕೂತು ಲ್ಯಾಪ್‌ಟಾಪಿನ ಗುರುತಿನ ನಂಬರನ್ನು ಪಟಪಟನೆ ರೂಟರಿಗೆ ಸೇರಿಸಿದ. ಅವಳ ಮಡಿಲಲ್ಲಿ ಆರ್ಕುಟ್ ತೆರೆದುಕೊಂಡಿತು. ಅಷ್ಟರಲ್ಲಿ ಬಸವಲಿಂಗಪ್ಪ ಕಾಫಿ ಹಿಡಿದು ಬಂದರು. ಫಕೀರೇಶ ಎದ್ದು ನಿಂತ, ಕಿವಿಯವರೆಗೂ ಕೆಂಪಾಗಿದ್ದ.

"ನನಗ ವಿಜಯಶ್ರೀನ ಬೇಕ್ರಿ. ಯಾರು ಏನರ ಅನ್ಲಿ."

ಬಸವಲಿಂಗಪ್ಪ ಲೋಟ ಕೆಳಗಿಟ್ಟು ಮಗಳತ್ತ ತಿರುಗಿದರು. "ಏನಮ್ಮಾ?"

"ನನ್ ಸಿಟ್ಟು ಇನ್ನೂ ಇಳಿದಿಲ್ಲ ಅಪ್ಪಾಜಿ," ಅವಳು ಕಣ್ಣೊರೆಸಿಕೊಂಡಳು. "ಅದನ್ನ ಇವರು ಜೀವನಪೂರ್ತಿ ಅನುಭವಿಸ್ಲಿ. ನೀವು ಭಾನುವಾರದವರಿಗೆ ಬರಬೇಡಿ ಅಂತ ಫೋನ್ ಮಾಡಿ."