ಧಾರವಾಡದಿಂದ ಬಂದ ಪ್ರಶ್ನೆ

1996ರ ವಸಂತ. ವಾಷಿಂಗ್ಟನ್ನಿನ ಕಾನ್ಫರೆನ್ಸಿನಲ್ಲಿ ರವಿಕಿರಣನ ಮಾತು ಮುಗಿದು ಚಪ್ಪಾಳೆ ಬೀಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು.

ಕೂದಲೆಳೆಗಿಂತ ಸಣ್ಣ ಗಾಜಿನ ದಾರಿಯಲ್ಲಿ ಬೆಳಕು ಹರಿಯುವಾಗ ಎಷ್ಟು ಸೋರಿಹೋಗುತ್ತದೆ ಎಂಬುದು ಅವನ ಸಂಶೋಧನೆ. ಹೆಚ್ಚುಕಡಿಮೆ ಏನೂ ಸೋರುವುದಿಲ್ಲ ಎಂದು ಅವನು ಈಗಷ್ಟೇ ಹೇಳಿದ್ದ. ಒಂದೇ ಉದ್ದದ ತುಂಡನ್ನು ಅಳೆದು ಹಾಗೆ ಹೇಳುವುದು ಹೇಗೆ, ಕತ್ತರಿಸಿ ಮತ್ತೆ ಅಳೆದಿರಾ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಅಳೆದಿರಲಿಲ್ಲ.

ಕಾರಿಡಾರಿನಲ್ಲಿ ಕಾಫಿ ಬಗ್ಗಿಸಿಕೊಳ್ಳುತ್ತಾ ಅವನು ಗೊಣಗಿದ, "ಎಲ್ಲಿಂದ ಬರ್ತಾರೋ ಇಂಥೋರು."

"ಧಾರವಾಡದಿಂದ್ರಿ," ಬೆನ್ನ ಹಿಂದಿನಿಂದ ಉತ್ತರ ಬಂತು.

ಹೆಸರು ನೀಲಗಂಗಾ. ಅಟ್ಲಾಂಟಾದ ಲ್ಯಾಬಿನಲ್ಲಿ ಕೆಲಸ. ನಗುವನ್ನು ತುಟಿಯಲ್ಲಿ ತಡೆದರೂ ಕಣ್ಣಲ್ಲಿ ತಡೆಯಲು ಅವಳಿಗೆ ಆಗಲಿಲ್ಲ. ಅವನ ಕಿವಿ ಕೆಂಪಾಯಿತು.

ಅವಳದೇ ತಪ್ಪು ಎಂದು ತೋರಿಸಲು ಆ ಶನಿವಾರ ತಾನು ಕೆಲಸ ಮಾಡುತ್ತಿದ್ದ ರಾಲಿಯಿಂದ, ಆ ಗಾಜಿನ ದಾರಿಯಿದ್ದ ಚಿಪ್ ತೆಗೆದುಕೊಂಡು ಅಟ್ಲಾಂಟಾಕ್ಕೆ ಡ್ರೈವ್ ಮಾಡಿದ. ಇಬ್ಬರೂ ಚಿಪ್ಪನ್ನು ತುಂಡರಿಸುತ್ತಾ, ಅಳೆಯುತ್ತಾ ಹೋದರು. ಸಂಜೆಯ ಹೊತ್ತಿಗೆ ಅನುಮಾನ ಉಳಿಯಲಿಲ್ಲ. ಆ ಸಣ್ಣ ದಾರಿಯ ಗೋಡೆಗಳು ಒರಟಾಗಿದ್ದವು, ಬೆಳಕು ಅಲ್ಲೇ ಚದುರುತ್ತಿತ್ತು. ಅವನು ತಲೆ ತಗ್ಗಿಸಿ ಕೂತ. ಗೆದ್ದೆನೆಂಬ ಮಾತೊಂದನ್ನೂ ಆಡದೆ ಅವಳು ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟಳು. ಅವಳ ಬೆರಳಿಗೆ ಅಂಟಿದ್ದ ಗಾಜಿನ ಪುಡಿ ದೀಪಕ್ಕೆ ಮಿನುಗುತ್ತಿತ್ತು. ರೊಟ್ಟಿ ಮುರಿಯುವುದನ್ನು ಮರೆತು ಅವನು ಅದನ್ನೇ ನೋಡಿದ. ಆಮೇಲಿನ ವಾರಾಂತ್ಯಗಳಲ್ಲಿ ಅಟ್ಲಾಂಟಾಕ್ಕೆ ಹೋಗಲು ಅವನಿಗೆ ಚಿಪ್ಪಿನ ನೆಪವೂ ಬೇಕಾಗಲಿಲ್ಲ.

ರಾಲಿಯ ಲ್ಯಾಬಿನಲ್ಲಿ ಅವನ ಮೇಲಿದ್ದ ಪ್ರೊಫೆಸರ್ ಮಾತ್ರ ಒಪ್ಪಲಿಲ್ಲ. ಸಂಶೋಧನೆಯ ಗ್ರಾಂಟ್ ಹಣ ಬರುವವರೆಗೆ ಬಾಯಿ ಮುಚ್ಚಿಕೊಂಡಿರು, ಆ ಹುಡುಗಿಯ ಬಾಯನ್ನೂ ಮುಚ್ಚಿಸು ಎಂದರು. ಅವನ ವೀಸಾ ಈ ಕೆಲಸದ ಮೇಲೆ ನಿಂತಿದೆ ಎಂದೂ ನೆನಪಿಸಿದರು. ಆಗಲೇ ಅಚ್ಚಾಗಿದ್ದ ತಮ್ಮ ಪೇಪರ್ ತಪ್ಪು ಎಂದು ಜರ್ನಲ್ಲಿಗೆ ತಾನೇ ತಿಳಿಸುತ್ತೇನೆಂದ ರವಿಕಿರಣ. ತಿಳಿಸಿದ ಕೂಡ. ಕೆಲಸ ಹೋಯಿತು.

ಅಟ್ಲಾಂಟಾದ ಲ್ಯಾಬಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಬೇರೆ ಕಡೆ ಕೆಲಸ ಸಿಗದಿದ್ದರೆ ಈ ದೇಶ ಬಿಡಬೇಕಾಗುತ್ತದೆ ಎಂದ. ನಂತರ ಉಸಿರು ಎಳೆದುಕೊಂಡು, "ಆದ್ರೂ ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ನನ್ನ ಸಲುವಾಗಿ ಕೆಲಸಾ ಕಳಕೊಂಡ್ರೇನು?"

"ಇಲ್ಲ. ಪೇಪರಿನ ನಂಬರ್ ತಪ್ಪಾಗಿತ್ತು, ಅದಕ್ಕೆ."

"ನನ್ನ ಸಲುವಾಗಿ ಅಂದಿದ್ರ ಬಾಗಲದಾಗಿಂದನ ವಾಪಸ್ ಕಳಸ್ತಿದ್ದೆ," ಎಂದು ಒಳಗೆ ಬರಲು ದಾರಿ ಬಿಟ್ಟಳು. ಅವನು ದಾಟುವಾಗ ತೋಳು ಹಿಡಿದು ನಿಲ್ಲಿಸಿ ಮೆಲ್ಲಗೆ, "ಹೂಂ," ಎಂದಳು.

ಅಷ್ಟರಲ್ಲಿ ಫೋನ್ ರಿಂಗಾಯಿತು. ರಾಲಿಯ ಪ್ರೊಫೆಸರ್. ಹೊಸ ಅಳತೆಯ ಫಲಿತಾಂಶ ಪ್ರಕಟಿಸಿದರೆ ಅವಳಿಗೂ ಒಳ್ಳೆಯದಾಗದು ಎಂದರು. ನೀಲಗಂಗಾ ಪೂರ್ತಿ ಕೇಳಿಸಿಕೊಂಡಳು. ಪ್ರಕಟಿಸುತ್ತೇವೆ ಸರ್, ಈ ತಿಂಗಳೇ, ಎಂದಳು. ಯಾರ ಹೆಸರಲ್ಲಿ ಎಂದು ಅವರು ಗದರಿದಾಗ ರವಿಕಿರಣನ ಬೆರಳುಗಳನ್ನು ತನ್ನ ಬೆರಳೊಳಗೆ ಹೆಣೆದುಕೊಂಡಳು.

"ಇಬ್ಬರದೂ," ಎಂದಳು, ಕನ್ನಡದಲ್ಲೇ. ಫೋನ್ ಇಟ್ಟಳು.